ಗ್ಯಾಸು ಮಾರುವವನಿಂದ ಗಂಗಾವತಿಯ ದೋಸ್ತನಿಗೆ

ದೋಸ್ತ,

ನಿಮ್ಮ ಅಕ್ಕನ ಮಗಳು ಬಿಕಾಂ ಮುಗಿಸಿದಳು ಅಂತ ಕೇಳಿ ಖುಷಿ ಆಯ್ತು. ಎನರ್ಜಿ ಕಂಪನಿಗಳಲ್ಲಿ ಕಮರ್ಷಿಯಲ್ ಅಂತ, ಅಂದರೆ ಕೊಂಡು ಮಾರುವ ಒಪ್ಪಂದ ನೋಡಿಕೊಳ್ಳುವ ಒಂದು ಕೆಲಸ ಇರುತ್ತಂತೆ, ನಮ್ಮ ಹುಡುಗಿಗೆ ಆಗುತ್ತಾ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ನಿನ್ನ ಅಕ್ಕಿ ಮಿಲ್ಲಿನ ಸದ್ದಿಗೇ ಹೋಗುತ್ತೆ. ಇದೇ ಪ್ರಶ್ನೆ ಕೇಳುವವರು ಊರಲ್ಲಿ ಇನ್ನೂ ಇದ್ದಾರೆ, ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆದು ಹಾಕುತ್ತಿದ್ದೇನೆ.

ಊರವರು ತಿಳಿದ ಹಾಗೆ ನಾನು ಹೆಲ್ಮೆಟ್ ಹಾಕಿಕೊಂಡು ಸಮುದ್ರದಲ್ಲಿ ಬಾವಿ ಕೊರೆಯುವವನಲ್ಲ. ಸಿಂಗಪುರದ ಆಫೀಸಿನಲ್ಲಿ ಎಕ್ಸೆಲ್ ಮುಂದೆ ಕೂತಿರುತ್ತೇನೆ, ಅಷ್ಟೇ. ನಾವು ಕೊಂಡು ಮಾರುವುದು ಎಲ್‌ಎನ್‌ಜಿ, ಅಂದರೆ ದ್ರವ ಮಾಡಿದ ನೈಸರ್ಗಿಕ ಅನಿಲ. ಗ್ಯಾಸನ್ನು ಮೈನಸ್ 162 ಡಿಗ್ರಿಗೆ ತಣಿಸಿದರೆ ನೀರಿನ ಹಾಗೆ ಆಗುತ್ತೆ, ಸುಮಾರು 600 ಪಟ್ಟು ಕಮ್ಮಿ ಜಾಗದಲ್ಲಿ ಕೂರುತ್ತೆ, ಆಮೇಲೆ ಹಡಗಿಗೆ ತುಂಬಿ ಕಳಿಸುತ್ತಾರೆ. ದಾರಿಯಲ್ಲಿ ದಿನಾ ಸ್ವಲ್ಪ ಸ್ವಲ್ಪ ಆವಿಯಾಗುತ್ತೆ, ಅದನ್ನೇ ಹಡಗಿನ ಎಂಜಿನ್ ಸುಟ್ಟುಕೊಳ್ಳುತ್ತೆ. ಹಾಗಾಗಿ ತುಂಬಿದ್ದೇ ಒಂದು ಲೆಕ್ಕ, ಇಳಿಸುವಾಗ ಸಿಗುವುದೇ ಇನ್ನೊಂದು ಲೆಕ್ಕ. ಆ ನಡುವಿನ ಕೊರತೆ ಯಾರ ತಲೆಗೆ ಅಂತ ಮೊದಲೇ ಬರೆದಿಟ್ಟುಕೊಳ್ಳಬೇಕು.

ರೇಟು ಹೇಗೆ ಕಟ್ಟುತ್ತಾರೆ ಅಂದರೆ, ದೊಡ್ಡ ಒಪ್ಪಂದಗಳಲ್ಲಿ ಹೆಚ್ಚಿನವು ಬ್ರೆಂಟ್ ಅನ್ನುವ, ಜಗತ್ತೇ ರೇಟಿಗೆ ಅಳತೆಗೋಲು ಮಾಡಿಕೊಂಡ ಕಚ್ಚಾತೈಲದ ಬೆಲೆಯ ಇಷ್ಟು ಪರ್ಸೆಂಟ್ ಅಂತ ಇರುತ್ತವೆ, ಅದಕ್ಕೆ ಸ್ಲೋಪ್ ಅನ್ನುತ್ತೇವೆ. ಬ್ರೆಂಟ್ ಬ್ಯಾರೆಲ್ಲಿಗೆ 80 ಡಾಲರ್, ಸ್ಲೋಪ್ 12 ಪರ್ಸೆಂಟ್ ಅಂದರೆ ಒಂದು ಎಂಎಂಬಿಟಿಯುಗೆ (ಗ್ಯಾಸನ್ನು ಅದು ಕೊಡುವ ಶಾಖದ ಲೆಕ್ಕದಲ್ಲಿ ಅಳೆಯುವ ಮಾಪು) 9.6 ಡಾಲರ್. ಒಂದು ದೊಡ್ಡ ಹಡಗಿನಲ್ಲಿ ಸುಮಾರು 35 ಲಕ್ಷ ಎಂಎಂಬಿಟಿಯು ಬರುತ್ತೆ. ಈಗ ನೀನೇ ಲೆಕ್ಕ ಹಾಕು, ಹತ್ತು ಸೆಂಟ್ ಆಚೀಚೆ ಆದರೆ ಮೂರೂವರೆ ಲಕ್ಷ ಡಾಲರ್, ನಮ್ಮ ದುಡ್ಡಿನಲ್ಲಿ ಮೂರು ಕೋಟಿ ಹತ್ತಿರ. ಆ ಹತ್ತು ಸೆಂಟಿಗೆ ಇಬ್ಬರು ಸೂಟು ಹಾಕಿದವರು ಮಧ್ಯಾಹ್ನದಿಂದ ರಾತ್ರಿವರೆಗೆ ಎಳೆದಾಡುವುದನ್ನು ನೋಡಿದರೆ ನಿಮ್ಮ ಮಾರ್ಕೆಟ್ಟಿನ ದಲಾಲರೇ ವಾಸಿ ಅನ್ನಿಸುತ್ತೆ, ಅವರು ಒಂದು ಚಾ ಕುಡಿಯುವಷ್ಟರಲ್ಲಿ ಮುಗಿಸುತ್ತಾರೆ.

ಆದರೆ ರೇಟು ಚೌಕಾಸಿ ಮಾಡುವುದು ಈ ಕೆಲಸದ ಸಣ್ಣ ಭಾಗ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ನೀನು ಗಾಬರಿಯಾಗಿ ಫೋನ್ ಮಾಡಿದ್ದೆ, ನೀರೇ ಹೋದರೆ ಭತ್ತ ಎಲ್ಲಿಂದ ಬರಬೇಕು, ಬೆಂಗಳೂರಿನ ಪಾರ್ಟಿಗೆ ಒಪ್ಪಿಕೊಂಡ ಸೋನಾ ಮಸೂರಿ ಹೇಗೆ ಕೊಡಲಿ ಅಂತ. ನಾನು ಕೇಳಿದ್ದು ಒಂದೇ. ಬರೆದುಕೊಟ್ಟಿದ್ದೀಯಾ, ಬರೀ ಬಾಯಿಮಾತಾ? ನೀನು ಬೈದೆ. ನನ್ನ ಸಂಬಳ ಬರುವುದೇ ಆ ಪ್ರಶ್ನೆಗೆ ಮಾರಾಯ. 2022ರ ಜೂನ್ 8ರಂದು ಅಮೆರಿಕದ ಟೆಕ್ಸಾಸ್‌ನ ಫ್ರೀಪೋರ್ಟ್ ಎಲ್‌ಎನ್‌ಜಿ ಪ್ಲಾಂಟಿನಲ್ಲಿ ಸ್ಫೋಟ ಆಗಿ ತಿಂಗಳುಗಟ್ಟಲೆ ಬಂದ್ ಆಯ್ತು. ಅವರು ಫೋರ್ಸ್ ಮಜೂರ್ ಅಂತ ನೋಟಿಸ್ ಕೊಟ್ಟರು, ಅಂದರೆ ನಮ್ಮ ಕೈ ಮೀರಿದ್ದು, ಮಾಲು ಕೊಡಲಾಗದಿದ್ದರೆ ದಂಡ ಕಟ್ಟಲ್ಲ ಅಂತ. ಯುಕ್ರೇನ್ ಯುದ್ಧದಿಂದ ಗ್ಯಾಸಿನ ರೇಟು ಆಕಾಶಕ್ಕೆ ಏರಿದ್ದ ವರ್ಷ ಅದು. ಇಂಥ ಹೊತ್ತಿನಲ್ಲಿ ಒಪ್ಪಂದದ ಒಂದು ಸಾಲು ಸಡಿಲ ಇದ್ದರೂ ಒಬ್ಬನ ಮನೆ ತೊಳೆದುಹೋಗುತ್ತೆ.

ಹಾಗಂತ ಕಾಗದವೇ ಎಲ್ಲಾ ಅಂತಲೂ ಅಲ್ಲ. ಹೊರಗಿಂದ ಎಲ್‌ಎನ್‌ಜಿ ತರಿಸುವ ನಮ್ಮ ದೇಶದ ಕಂಪನಿ ಪೆಟ್ರೋನೆಟ್ ಕತಾರ್‌ನಿಂದ ವರ್ಷಕ್ಕೆ 75 ಲಕ್ಷ ಟನ್ ಗ್ಯಾಸು ತರಲು 25 ವರ್ಷದ ಒಪ್ಪಂದ ಮಾಡಿಕೊಂಡಿತ್ತು, 2004ರಿಂದ ಮಾಲು ಬರುತ್ತಿದೆ. ತಗೋ ಇಲ್ಲಾ ದುಡ್ಡು ಕೊಡು ಅನ್ನುವ ಷರತ್ತು ಅದರಲ್ಲಿತ್ತು. 2015ರಲ್ಲಿ ತೈಲದ ಬೆಲೆ ಕುಸಿದಿತ್ತು, ಹೊರಗೆ ಗ್ಯಾಸು ಅಗ್ಗ, ಒಪ್ಪಂದದ ರೇಟು ಮಾತ್ರ ತೈಲ ಬೆಲೆಯ ಹಳೇ ಐದು ವರ್ಷದ ಸರಾಸರಿ ಮೇಲೆ ನಿಂತಿತ್ತು. ಪೆಟ್ರೋನೆಟ್ ಪೂರ್ತಿ ಮಾಲು ಎತ್ತಲಿಲ್ಲ. ಕತಾರ್ ದಂಡ ಕೇಳಬಹುದಿತ್ತು, ಕಾಗದ ಅವರ ಕಡೆಗೇ ಇತ್ತು. ಕೇಳಲಿಲ್ಲ. ಸರಾಸರಿಯನ್ನು ಮೂರು ತಿಂಗಳಿಗೆ ಇಳಿಸಿದರು, ರೇಟು ಅರ್ಧದ ಹತ್ತಿರ ಬಂತು, ಬದಲಿಗೆ ಭಾರತ ವರ್ಷಕ್ಕೆ ಇನ್ನೂ 10 ಲಕ್ಷ ಟನ್ ತಗೊಳ್ಳಲು ಒಪ್ಪಿತು. ಆ ಹಟ ಬಿಟ್ಟಿದ್ದರಿಂದ ಏನಾಯ್ತು ಅಂದರೆ 2024ರ ಫೆಬ್ರುವರಿಯಲ್ಲಿ ಅದೇ ಇಬ್ಬರು 2048ರವರೆಗೆ ಮತ್ತೆ ಸಹಿ ಹಾಕಿದರು. ಯಾವಾಗ ಕಾಗದ ತೋರಿಸಬೇಕು, ಯಾವಾಗ ಮಡಚಿ ಜೇಬಿಗೆ ಇಟ್ಟುಕೊಳ್ಳಬೇಕು ಅನ್ನುವುದು ಈ ಲೈನಿನಲ್ಲಿ ತುಂಬಾ ಜನಕ್ಕೆ ಕೊನೆವರೆಗೂ ಬರಲ್ಲ.

ಹುಡುಗಿ ವಿಷಯ. ಬಿಕಾಂ ಸಾಕು ಅಂತ ಸುಳ್ಳು ಹೇಳಲ್ಲ, ಮುಂದೆ ಎಂಬಿಎನೋ ಕಾನೂನೋ ಏನಾದರೂ ಬೇಕಾಗುತ್ತೆ. ಶುರುವಿಗೇ ಯಾರೂ ಡೀಲ್ ಮಾಡಲು ಕೂರಿಸಲ್ಲ. ಹಡಗಿನ ಶೆಡ್ಯೂಲು, ಬಿಲ್ಲು, ಹಡಗು ತಡವಾಗಿ ನಿಂತ ದಿನಗಳಿಗೆ ಕಟ್ಟುವ ಡೆಮರೇಜ್ ಅನ್ನುವ ದಂಡದ ಲೆಕ್ಕ, ಇಂಥದ್ದನ್ನೇ ಕೊಡುತ್ತಾರೆ, ಬೋರು ಹೊಡೆಯುತ್ತೆ, ಆದರೆ ಒಪ್ಪಂದದಲ್ಲಿ ಎಲ್ಲೆಲ್ಲಿ ತೂತಿದೆ ಅಂತ ಅಲ್ಲೇ ಕಾಣುವುದು. ಬೆಂಗಳೂರಿನಲ್ಲೇ ದೊಡ್ಡ ಎಣ್ಣೆ ಕಂಪನಿಗಳ ಆಫೀಸುಗಳಿವೆ, ವಿದೇಶವೇ ಆಗಬೇಕು ಅಂತೇನಿಲ್ಲ. ಗ್ಯಾಸು ಎಣ್ಣೆ ಬೇಡ ಅಂದರೆ ನಿಮ್ಮ ಕುಷ್ಟಗಿ ಕಡೆ ತಿರುಗುತ್ತಿರುವ ಗಾಳಿಯಂತ್ರಗಳ ಕರೆಂಟನ್ನೂ ಯಾರೋ ಇಂಥದೇ ಒಪ್ಪಂದ ಬರೆದೇ ಮಾರುತ್ತಾರೆ.

ಎಲ್‌ಎನ್‌ಜಿ ಮಾರಾಟದ ಮಾದರಿ ಒಪ್ಪಂದಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ, ಒಂದು ಕಳಿಸುತ್ತೇನೆ. ಇಂಗ್ಲಿಷ್ ನೋಡಿ ಹೆದರಬೇಡ ಅನ್ನು, ನಿಧಾನಕ್ಕೆ ಓದಲಿ. ಓದಿ ಬೇಜಾರಾಗದಿದ್ದರೆ ಭಾನುವಾರ ಫೋನ್ ಮಾಡಲಿ. ನಾವು ನಿಮಗಿಂತ ಎರಡೂವರೆ ಗಂಟೆ ಮುಂದೆ ಇದ್ದೇವೆ, ನಿನ್ನ ಹಾಗೆ ರಾತ್ರಿ ಹನ್ನೊಂದಕ್ಕೆ ಮಾಡಬಾರದು ಅಂತ ಮಾತ್ರ ಹೇಳು.

ನಿನ್ನ ದೋಸ್ತ