ಮಳೆಗೂ ಮುಂಚೆ ತಾರಸಿಗೆ ಜನ ಹತ್ತಿಸಿ: ಮೈಸೂರು ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ, ನಮಸ್ಕಾರ.

ದೇವರಾಜ ಮಾರ್ಕೆಟ್ ಕೆಡವಬೇಕೋ ಉಳಿಸಬೇಕೋ ಅನ್ನೋ ಜಗಳ ಕೋರ್ಟಿನವರೆಗೂ ಹೋಗಿದ್ದು ತಮಗೆ ಗೊತ್ತೇ ಇದೆ. ನಾನು ಆ ಗೊಡವೆಗೆ ಹೋಗುವುದಿಲ್ಲ. ನನ್ನ ಕೋರಿಕೆ ಇನ್ನೂ ನೆಟ್ಟಗೆ ನಿಂತಿರುವ ಹಳೇ ಕಟ್ಟಡಗಳ ಬಗ್ಗೆ.

ಬಿದ್ದವು ಯಾವಾಗ ಬಿದ್ದವು, ಸ್ವಲ್ಪ ನೋಡಿ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತಿದ್ದು 2012ರ ಆಗಸ್ಟ್‌ನಲ್ಲಿ. ದೇವರಾಜ ಮಾರ್ಕೆಟ್‌ನ ಉತ್ತರದ ದ್ವಾರ ಬಿದ್ದಿದ್ದು 2016ರ ಆಗಸ್ಟ್‌ನಲ್ಲಿ. ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡ ಕುಸಿದಿದ್ದು 2022ರ ಅಕ್ಟೋಬರ್‌ನಲ್ಲಿ. ಮೂರೂ ಮಳೆಯ ತಿಂಗಳುಗಳೇ, ಅಲ್ವಾ? ವಯಸ್ಸಾಗಿತ್ತು, ಬಿತ್ತು ಅಂದುಬಿಡುವುದು ಸುಲಭ. ವಯಸ್ಸಿನ ಲೆಕ್ಕವೇ ಆದರೆ, 1905ರ ಜಯಲಕ್ಷ್ಮಿ ವಿಲಾಸ ಬಂಗಲೆ, 1912ರಲ್ಲಿ ಮುಗಿದ ಅರಮನೆ ಇನ್ನೂ ನಿಂತಿವೆ. ಅರಮನೆಗೆ ಟಿಕೆಟ್ ದುಡ್ಡು ಬರುತ್ತೆ, ಬಿಡಿ. ಮಾರ್ಕೆಟ್‌ಗೆ, ಶಾಲೆಗೆ ಯಾರು ಟಿಕೆಟ್ ತಗೋತಾರೆ?

ಆ ಕಾಲದ ಕಟ್ಟಡಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಮೇಲೆ ಹೆಚ್ಚಾಗಿ ಮದ್ರಾಸ್ ತಾರಸಿ: ಮರದ ತೊಲೆ, ಅದರ ಮೇಲೆ ಸುಣ್ಣದಲ್ಲಿ ಕೂರಿಸಿದ ಇಟ್ಟಿಗೆ. ನೀರು ಹೋಗುವ ದಾರಿ ಕಟ್ಟಿಕೊಂಡರೆ ಮಳೆನೀರು ತಾರಸಿಯಲ್ಲೇ ನಿಂತು ಒಳಗೆ ಇಳಿಯುತ್ತದೆ. ಗೋಡೆಯೊಳಗೆ ಹೂತಿರುವ ತೊಲೆಯ ತುದಿ ಕೊಳೆಯುತ್ತದೆ. ಹೊರಗಿನಿಂದ ಏನೂ ಕಾಣಿಸದು. ಜೊತೆಗೆ ಹಕ್ಕಿ ಹಾಕಿದ ಅರಳಿ ಬೀಜ ಬಿರುಕಿನಲ್ಲಿ ಮೊಳೆಯುತ್ತದೆ. ಎರಡು ಎಲೆ ಇದ್ದಾಗ ಬೆರಳಲ್ಲೇ ಕಿತ್ತುಹಾಕಬಹುದು. ಕಾಂಡ ಬಲಿತ ಮೇಲೆ ಕೀಳಲು ಹೋದರೆ ಗೋಡೆಯೂ ಬರುತ್ತದೆ.

ಇನ್ನೊಂದು ಕಾಟ ಸಿಮೆಂಟಿನದು. ಸೋರಿದ ಕಡೆ ಸುಮ್ನೆ ಸಿಮೆಂಟ್ ಬಳಿದುಬಿಡುತ್ತಾರೆ. ಸುಣ್ಣ ಬಿಡುವ ಹಾಗೆ ಸಿಮೆಂಟ್ ತೇವವನ್ನು ಹೊರಗೆ ಬಿಡುವುದಿಲ್ಲ. ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ. ಇಂಥ ರಿಪೇರಿಗಿಂತ ರಿಪೇರಿ ಮಾಡದಿರುವುದೇ ವಾಸಿ.

ಆದ್ದರಿಂದ ಕೇಳುವುದು ಇಷ್ಟೇ. ಪಾಲಿಕೆಯ ಕೈಯಲ್ಲಿರುವ ಪ್ರತಿ ಹಳೇ ಕಟ್ಟಡದ ತಾರಸಿಗೆ ಏಪ್ರಿಲ್‌ನಲ್ಲೇ ಜನ ಹತ್ತಿಸಿ. ನೀರಿನ ಕೊಳವೆ ಬಿಡಿಸಿ, ಗಿಡ ಕೀಳಿಸಿ. ಟೆಂಡರ್‌ನಲ್ಲಿ ಸುಣ್ಣದ ಗಾರೆ ಅಂತಲೇ ಬರೆಸಿ, ಆ ಕೆಲಸ ಬಲ್ಲ ಗಾರೆಯವರನ್ನೇ ಕರೆಸಿ. ಕೂಲಿ ಜಾಸ್ತಿ ಆಗುತ್ತದೆ, ನಿಜ. ಆದರೂ ಕುಸಿದ ಮೇಲೆ ಕೊಡುವ ಪರಿಹಾರ, ಕೋರ್ಟ್ ಖರ್ಚಿನ ಮುಂದೆ ಅದು ಎಷ್ಟರದು? ಯಾವ ಕಟ್ಟಡದ ಕೆಲಸ ಯಾವ ದಿನ ಆಯಿತು ಅನ್ನುವ ಪಟ್ಟಿಯನ್ನು ಮೇ ಮುಗಿಯುವುದರೊಳಗೆ ಪಾಲಿಕೆ ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಿಸಿ. ನಾವು ಬಂದು ಓದುತ್ತೇವೆ.

ಇಂತಿ,
ಮೈಸೂರಿನ ಒಬ್ಬ ನಿವಾಸಿ