ಚಾರ್ಲ್ಸ್‌ನನ್ನು ಖಳನಾಯಕ ಮಾಡಬೇಡ

ಪ್ರೀತಿಯ ತಂಗಿ,

ಬ್ರಿಟನಿಯ ಪಟ್ಟದ ಜಗಳದ ಮೇಲೆ ನೀನು ಬರೆಯುತ್ತಿರುವ ಕಾದಂಬರಿಯ ಕರಡು ಓದಿ ಮುಗಿಸಿದೆ. ಫ್ರಾನ್ಸಿನ ಪಶ್ಚಿಮದ ಆ ಮೂಲೆಯಲ್ಲಿ 1341ರಿಂದ 1364ರವರೆಗೆ ನಡೆದ ಯುದ್ಧವನ್ನು ಕನ್ನಡದಲ್ಲಿ ಹೇಳಲು ಹೊರಟಿದ್ದೀಯಲ್ಲ, ನನಗೆ ತುಂಬಾ ಖುಷಿ. ಅದಕ್ಕೇ ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ.

ಮೊದಲ ಅಧ್ಯಾಯ ಪೂರ್ತಿ ವಂಶಾವಳಿ. ಅದನ್ನು ತೆಗೆದುಬಿಡು. ಓದುಗರಿಗೆ ಬೇಕಾದದ್ದು ಇಷ್ಟೇ: ಡ್ಯೂಕ್ ಮೂರನೇ ಜಾನ್ ಮಕ್ಕಳಿಲ್ಲದೆ ತೀರಿಕೊಂಡ. ಪಟ್ಟ ಮಲತಮ್ಮ ಮಾಂಟ್‌ಫೋರ್ಟ್‌ನ ಜಾನ್‌ಗೆ ಸೇರಬೇಕೋ, ಮೊದಲೇ ಸತ್ತಿದ್ದ ಒಡಹುಟ್ಟಿದ ತಮ್ಮನ ಮಗಳು ಪೆಂಥಿಯೆವ್‌ನ ಜೋನ್‌ಗೋ? ದಾಯಾದಿ ಜಗಳ ಕಂಡಿರುವ ನಮ್ಮ ಜನಕ್ಕೆ ಇದಕ್ಕಿಂತ ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಒಂದು ಮುಖ್ಯ ಎಳೆಯನ್ನೇ ನೀನು ಬಿಟ್ಟಿದ್ದೀಯ. ಫ್ರಾನ್ಸಿನ ದೊರೆ ಆರನೇ ಫಿಲಿಪ್ ಸಿಂಹಾಸನ ಏರಿದ್ದೇ ಹೆಣ್ಣಿನ ಕಡೆಯಿಂದ ಹಕ್ಕು ಬರುವುದಿಲ್ಲ ಎಂಬ ವಾದದ ಮೇಲೆ. ಬ್ರಿಟನಿಯಲ್ಲಿ ಅವನೇ ಜೋನ್ ಪರ ನಿಂತ. ಅವಳ ಗಂಡ, ಬ್ಲ್ವಾದ ಚಾರ್ಲ್ಸ್, ಅವನ ಸೋದರಳಿಯ ನೋಡು! ಇಂಗ್ಲೆಂಡಿನ ಮೂರನೇ ಎಡ್ವರ್ಡ್ ತನ್ನ ತಾಯಿಯ ಕಡೆಯಿಂದ ಫ್ರಾನ್ಸನ್ನೇ ಕೇಳುತ್ತಿದ್ದವನು. ಅವನು ಇಲ್ಲಿ ಗಂಡು ವಾರಸುದಾರ ಮಾಂಟ್‌ಫೋರ್ಟ್‌ನ ಜಾನ್ ಬೆನ್ನಿಗೆ ನಿಂತ. ಇಬ್ಬರೂ ತಮ್ಮ ವಾದಕ್ಕೆ ತಾವೇ ಉಲ್ಟಾ! 1341ರ ಸೆಪ್ಟೆಂಬರಿನಲ್ಲಿ ಕಾನ್‌ಫ್ಲಾನ್‌ನಲ್ಲಿ ಫಿಲಿಪ್‌ನ ನ್ಯಾಯಸಭೆಯಿಂದ ಚಾರ್ಲ್ಸ್ ಕಡೆ ತೀರ್ಪಾಯಿತಲ್ಲ, ಅಲ್ಲಿನ ವಕೀಲರ ಬಾಯಲ್ಲಿ ಈ ಮಾತು ಬರಲಿ.

ಎನ್‌ಬಾನ್ ಮುತ್ತಿಗೆಯ ಅಧ್ಯಾಯ ಚೆನ್ನಾಗಿದೆ. ಮಾಂಟ್‌ಫೋರ್ಟ್‌ನ ಜಾನ್ ಪ್ಯಾರಿಸ್ಸಿನಲ್ಲಿ ಸೆರೆಯಾಳು, ಅವನ ಹೆಂಡತಿ ಫ್ಲಾಂಡರ್ಸ್‌ನ ಜೋನ್ ಕೋಟೆ ಕಾಯುತ್ತಾಳೆ. ಹೆಂಗಸರು ಲಂಗ ಮೊಟಕು ಮಾಡಿಕೊಂಡು ಗೋಡೆಯ ಮೇಲಕ್ಕೆ ಕಲ್ಲು ಹೊರುವುದನ್ನು ಅಂದಿನ ವೃತ್ತಾಂತಗಳಿಂದ ಎತ್ತಿಕೊಂಡಿದ್ದೀಯ. ಅಲ್ಲಿ ಒಂದಕ್ಷರವನ್ನೂ ಮುಟ್ಟಬೇಡ. ಆದರೆ ನೆರವಿಗೆ ಇಂಗ್ಲಿಷ್ ಹಡಗು ಬಂದ ಕೂಡಲೇ ಅವಳ ಕಥೆ ನಿಂತುಹೋಗಿದೆ. 1343ರಲ್ಲಿ ಅವಳು ಇಂಗ್ಲೆಂಡಿಗೆ ಹೋದಳು. ಆಮೇಲೆ ಟಿಕ್‌ಹಿಲ್ ಕೋಟೆಯಲ್ಲಿ ಕಾವಲಿನಲ್ಲೇ ವರ್ಷಗಟ್ಟಲೆ ಕಳೆದಳು. ಅವಳಿಗೆ ಹುಚ್ಚು ಹಿಡಿದಿತ್ತು ಎಂದು ಬಹಳ ಕಾಲ ಹೇಳಿಕೊಂಡು ಬಂದರು. ಎಡ್ವರ್ಡ್ ತನ್ನ ರಾಜಕೀಯಕ್ಕಾಗಿ ಕೂಡಿಹಾಕಿದ ಎನ್ನುವ ಇತಿಹಾಸಕಾರರೂ ಇದ್ದಾರೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ನೀನು ಯಾವುದನ್ನಾದರೂ ನಂಬು, ಅವಳನ್ನು ಮಾತ್ರ ದಾರಿಯಲ್ಲಿ ಕೈಬಿಡಬೇಡ.

ಈಗ ಚಾರ್ಲ್ಸ್ ವಿಷಯ. ನಿನ್ನ ಚಾರ್ಲ್ಸ್ ಬಂದಾಗಲೆಲ್ಲ ಹಲ್ಲು ಕಡಿಯುತ್ತಾನೆ, ಸೇವಕರಿಗೆ ಬೈಯುತ್ತಾನೆ. ನಿಜವಾದ ಚಾರ್ಲ್ಸ್ ಇವನಿಗಿಂತ ಎಷ್ಟೋ ಕಷ್ಟದ ಮನುಷ್ಯ. ಬಟ್ಟೆಯೊಳಗೆ ಮೈ ಚುಚ್ಚುವ ಕೂದಲಿನ ಅಂಗಿ ತೊಡುತ್ತಿದ್ದ. ಪಾದರಕ್ಷೆಯಲ್ಲಿ ಸಣ್ಣ ಕಲ್ಲು ಹಾಕಿಕೊಂಡು ನಡೆಯುತ್ತಿದ್ದ. ಬ್ರಿಟನಿಯ ಸಂತ ಈವ್‌ನ ಪವಿತ್ರ ಅವಶೇಷಗಳಿಗಾಗಿ ಹಿಮದಲ್ಲಿ ಬರಿಗಾಲಲ್ಲಿ ಹೋಗಿದ್ದ. ಸತ್ತ ಮೇಲೆ ಅವನನ್ನು ಸಂತನೆಂದು ಘೋಷಿಸಲು 1371ರಲ್ಲಿ ವಿಚಾರಣೆ ನಡೆಯಿತು, ಸಾಕ್ಷಿಗಳು ಬಂದು ಹೇಳಿಕೆ ಕೊಟ್ಟರು. ಇದೇ ಮನುಷ್ಯನ ಸೈನ್ಯ 1344ರಲ್ಲಿ ಕ್ಯಾಂಪೇರ್ ಊರಿಗೆ ನುಗ್ಗಿ ಸಾಮಾನ್ಯ ಜನರನ್ನು ಕೊಂದಿತು. ಆ ಅಂಗಿ, ಆ ಊರು ಎರಡೂ ಒಬ್ಬನವೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟರೆ ನಿನ್ನ ಕೈಯಲ್ಲಿ ಉಳಿಯುವುದು ಬಯಲಾಟದ ರಕ್ಕಸ, ಅಷ್ಟೇ. ಹೆಂಡತಿಯ ಹಕ್ಕು ನ್ಯಾಯವಾದದ್ದು ಎಂದು ಅವನು ಮನಸಾರೆ ನಂಬಿದ್ದ ಎಂದೇ ಬರೆ. ಹಾಗೆ ನಂಬಿದವನು ಏನೆಲ್ಲ ಮಾಡಿಸಬಲ್ಲ ಎನ್ನುವುದು ಆಗ ತಾನಾಗಿಯೇ ಕಾಣುತ್ತದೆ.

ಇನ್ನೊಂದು ಚಿಕ್ಕ ಮಾತು. ಎರಡು ಕಡೆಯ ಕೋಟೆಗಳಿಗೂ ಅನ್ನ ಹಾಕಿದವರು ರೈತರು. ಇಂಗ್ಲಿಷ್ ಪಡೆಗಳು ಊರೂರಿನಿಂದ ಕಪ್ಪ ಕಿತ್ತುಕೊಳ್ಳುತ್ತಿದ್ದವು, ಕೊಡದಿದ್ದರೆ ಸುಲಿಗೆ. ನಿನ್ನ ಕರಡಿನಲ್ಲಿ ಒಬ್ಬ ರೈತನಿಗೂ ಮಾತಿಲ್ಲ. ಕಪ್ಪದ ಲೆಕ್ಕ ಕೊಡಲು ಬಂದವನೊಬ್ಬನನ್ನಾದರೂ ಒಳಗೆ ಬಿಡು.

1364ರ ಸೆಪ್ಟೆಂಬರ್ 29ರಂದು ಓರೇ ಕಾಳಗದಲ್ಲಿ ಚಾರ್ಲ್ಸ್ ಸತ್ತ. ಮರುವರ್ಷ ಗೆರಾಂದ್ ಒಪ್ಪಂದದಲ್ಲಿ ಮಾಂಟ್‌ಫೋರ್ಟ್‌ನ ಜಾನ್‌ನ ಮಗನಿಗೆ ಪಟ್ಟ ಸಿಕ್ಕಿತು. ಕಾಳಗಕ್ಕೆ ನೀನು ಕೊಟ್ಟಿರುವ ಪುಟಗಳಲ್ಲಿ ಅರ್ಧ ಸಾಕು. ಉಳಿದ ಜಾಗ ಕ್ಯಾಂಪೇರ್‌ಗೆ ಕೊಡು. ಮೊದಲು ಆ ಅಧ್ಯಾಯ ಬರೆದು ಕಳಿಸು, ಬಂದ ದಿನವೇ ಓದುತ್ತೇನೆ.

ನಿನ್ನ ಅಕ್ಕ