ಮಳೆ ಹಿಡಿಯುವ ಮೊದಲೇ ಚಾರ್ಜರ್ ಕಟ್ಟಿಕೋ ಪುಟ್ಟ

ಒಸಾಕಾ
ಮೇ ಕೊನೆಯ ವಾರ

ಪ್ರೀತಿಯ ಪುಟ್ಟನಿಗೆ ಅಕ್ಕನ ಆಶೀರ್ವಾದಗಳು.

ನಾನಿಲ್ಲಿ ಆರಾಮಾಗಿದ್ದೇನೆ. ಅಪ್ಪಯ್ಯನಿಗೆ, ಅಮ್ಮನಿಗೆ ನಮಸ್ಕಾರ ಹೇಳು. ತೋಟಕ್ಕೆ ಮೊದಲ ಔಷಧಿ ಹೊಡೆದು ಆಯ್ತಾ? ಮರ ಹತ್ತುವವರು ಸಿಗೋದೇ ಕಷ್ಟ ಅಂತ ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು.

ನೀನು ಕೇಳಿದ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್, ನಿಂಟೆಂಡೊ ಡಿಎಸ್ ಲೈಟ್, ಸಿಕ್ಕಿತು ಕಣೋ. ಇಲ್ಲಿ ನಿಪ್ಪೊಂಬಾಶಿ ಅಂತ ಒಂದು ಪೇಟೆ ಇದೆ, ಸಾಲಾಗಿ ಎಲೆಕ್ಟ್ರಾನಿಕ್ಸ್ ಅಂಗಡಿಗಳು. ಅಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ತಗೊಂಡೆ. 2006ರಲ್ಲಿ ಬಂದ ಮಾಡೆಲ್. ಈ ಮಾಡೆಲ್‌ಗೆ ಮಡಚುವ ಹಿಂಜ್ ಹತ್ತಿರ ಬಿರುಕು ಬಿಡೋದು ಮಾಮೂಲು, ಇದಕ್ಕೆ ಬಿಟ್ಟಿಲ್ಲ. ಭಾಷೆ ಇಂಗ್ಲಿಷಿಗೆ ಬದಲಾಯಿಸಿಟ್ಟಿದ್ದೇನೆ. ಸಾಗರಕ್ಕೆ ಬರುವ ಗೆಳತಿಯ ಕೈಲಿ ಕಳಿಸುತ್ತೇನೆ.

ಅಡಾಪ್ಟರ್ ಮಾತ್ರ ಬೇಕಂತಲೇ ಕಳಿಸುತ್ತಿಲ್ಲ. ಜಪಾನಿನ ಕರೆಂಟು 100 ವೋಲ್ಟ್. ಅದನ್ನು ನಮ್ಮ ಮನೆಯ 230 ವೋಲ್ಟಿಗೆ ಹಾಕಿದರೆ ಸುಟ್ಟೇ ಹೋಗುತ್ತದೆ. ಬದಲಿಗೆ ಡಿಎಸ್ ಲೈಟಿನ ಯುಎಸ್‌ಬಿ ಕೇಬಲ್ ಇಟ್ಟಿದ್ದೇನೆ. ಕರೆಂಟು ಇದ್ದಾಗ ಅಪ್ಪಯ್ಯನ ಮೊಬೈಲ್ ಚಾರ್ಜರಿನಿಂದಲೇ ಚಾರ್ಜ್ ಮಾಡಿಕೋ.

ಕರೆಂಟು ಇದ್ದಾಗ! ಜೂನ್ ಬಂದರೆ ನಮ್ಮ ಕಡೆ ಏನಾಗುತ್ತದೆ ಅಂತ ನನಗೆ ಗೊತ್ತಿಲ್ವಾ? ಜೋಗದಲ್ಲಿ 1948ರಿಂದಲೂ ಕರೆಂಟು ತೆಗೆಯುವ ಜಿಲ್ಲೆ ನಮ್ಮದು. ಆದರೆ ಕಾಡಿನ ಮಧ್ಯೆ ಒಂದು ಮರ ಲೈನ್ ಮೇಲೆ ಬಿದ್ದರೆ ಲೈನ್‌ಮನ್ ಆ ಮಳೆಯಲ್ಲಿ ಹುಡುಕಿಕೊಂಡು ಬರಬೇಕು. ಪಾಪ, ಅವರಾದರೂ ಏನು ಮಾಡುತ್ತಾರೆ. ಅದಕ್ಕೇ ನೀನು ಒಂದು ಪುಟ್ಟ ಚಾರ್ಜರ್ ಕಟ್ಟಿಕೋ. ರೆಡಿಮೇಡ್ ಪವರ್ ಬ್ಯಾಂಕ್ ಶಿವಮೊಗ್ಗದಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ, ನಿಜ. ಅದು ಕೆಟ್ಟರೆ ಬಿಸಾಡಬೇಕು. ಇದು ಹಾಗಲ್ಲ, ಇದರ ಒಂದೊಂದು ತಂತಿಯೂ ನಿನಗೆ ಗೊತ್ತಿರುತ್ತದೆ. ಸೆಲ್ ಹಳೆಯದಾದರೆ ಸೆಲ್ ಮಾತ್ರ ಬದಲಾಯಿಸಿದರೆ ಆಯ್ತು. ಅಪ್ಪಯ್ಯನ ಸಣ್ಣ ಟಾರ್ಚಿಗೂ ಅದೇ ಸೆಲ್ ಆಗುತ್ತದೆ.

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೋ. ಡಿಎಸ್ ಒಳಗಿರುವುದು 3.7 ವೋಲ್ಟ್, 1000 ಎಂಎಎಚ್ ಲಿಥಿಯಂ ಬ್ಯಾಟರಿ. ಅದಕ್ಕೆ ಎಷ್ಟು ಕರೆಂಟು ಹೋಗಬೇಕು, ಯಾವಾಗ ನಿಲ್ಲಿಸಬೇಕು ಅಂತ ನೋಡಿಕೊಳ್ಳುವ ಸರ್ಕ್ಯೂಟು ಡಿಎಸ್‌ನಲ್ಲೇ ಇದೆ. ಕಂಪನಿಯ ಅಡಾಪ್ಟರ್ ಕೊಡುವುದು ಬರೀ 5.2 ವೋಲ್ಟ್, 450 ಮಿಲಿಆಂಪ್. ನಿನ್ನ ಡಬ್ಬಿ ಸುಮಾರು 5 ವೋಲ್ಟನ್ನು ಅಲುಗಾಡದಂತೆ ಕೊಟ್ಟರೆ ಸಾಕು. ನಿಂಟೆಂಡೊದ್ದೇ 1989ರ ಗೇಮ್ ಬಾಯ್ ಆಗಿದ್ದರೆ ಇಷ್ಟೂ ಬೇಕಿರಲಿಲ್ಲ, ಅದು ನಾಲ್ಕು ಪೆನ್ಸಿಲ್ ಸೆಲ್ಲಿನಲ್ಲೇ ಓಡುತ್ತಿತ್ತು.

ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಕಳಿಸುತ್ತಿದ್ದೇನೆ, ಎನೆಲೂಪ್ ಅಂತ. 2005ರಲ್ಲಿ ಇದನ್ನು ಮೊದಲು ತಂದದ್ದು ಈ ಒಸಾಕಾ ಕಡೆಯ ಸಾನ್ಯೋ ಕಂಪನಿಯೇ. ತಿಂಗಳುಗಟ್ಟಲೆ ಸುಮ್ನೆ ಇಟ್ಟರೂ ಚಾರ್ಜ್ ಅಷ್ಟಾಗಿ ಸೋರುವುದಿಲ್ಲ, ಮಳೆಗಾಲಕ್ಕೆ ಅದೇ ಬೇಕಾದದ್ದು. ಒಂದೊಂದೂ 1.2 ವೋಲ್ಟ್, ಹತ್ತಿರ ಹತ್ತಿರ 2000 ಎಂಎಎಚ್. ಮೂರನ್ನು ಸಾಲಾಗಿ ಜೋಡಿಸಿದರೆ 3.6 ವೋಲ್ಟ್, ಅದನ್ನು 5ಕ್ಕೆ ಏರಿಸಲು ಒಂದು ಪುಟ್ಟ ಬೋರ್ಡ್ ಇದೆ. ಯಾಕೆ ಮೂರು? ಎರಡೇ ಹಾಕಿದರೆ ಸೆಲ್ಲುಗಳಿಂದ ಒಂದು ಆಂಪಿಗಿಂತ ಜಾಸ್ತಿ ಎಳೆಯಬೇಕಾಗುತ್ತದೆ, ಡಿಎಸ್ ಪೂರ್ತಿ ತುಂಬುವುದೂ ಇಲ್ಲ. ನಾಲ್ಕು ಹಾಕಿದರೆ, ಆಗಷ್ಟೇ ಚಾರ್ಜ್ ಆದ ಸೆಲ್ಲುಗಳು ಒಟ್ಟು 5.6 ವೋಲ್ಟ್ ತೋರಿಸುತ್ತವೆ. ವೋಲ್ಟ್ ಏರಿಸುವ ಬೋರ್ಡಿಗೆ ಇಳಿಸಲು ಬರುವುದಿಲ್ಲ. ಮೂರಾದರೆ ಎಳೆಯುವುದು ಮುಕ್ಕಾಲು ಆಂಪ್ ಅಷ್ಟೇ, ಡಿಎಸ್ ಒಂದು ಸಲ ಪೂರ್ತಿ ತುಂಬಿ ಸ್ವಲ್ಪ ಉಳಿಯುತ್ತದೆ.

ಆ 3.6ನ್ನು 5ಕ್ಕೆ ಏರಿಸುವುದು ಬೂಸ್ಟ್ ಬೋರ್ಡ್. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಅದರ ಮೇಲೆ ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್ ಕಾಣುತ್ತದೆ, ಪಕ್ಕದಲ್ಲಿ ಕಪ್ಪು ಚಿಪ್, ಒಂದು ಡಯೋಡ್. ತೋಟದ ಪೈಪಿನಲ್ಲಿ ನೀರು ಜೋರಾಗಿ ಹರಿಯುವಾಗ ತಟ್ಟನೆ ವಾಲ್ವ್ ಮುಚ್ಚಿದರೆ ಪೈಪು ಒದೆಯುತ್ತದಲ್ವಾ? ಕಾಯಿಲ್ಲಿನಲ್ಲೂ ಅದೇ. ಹರಿಯುವ ಕರೆಂಟನ್ನು ಚಿಪ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ತಡೆದು ಬಿಡುತ್ತದೆ. ಪ್ರತಿ ಸಲವೂ ಕಾಯಿಲ್ ಜಾಸ್ತಿ ವೋಲ್ಟಿನಲ್ಲಿ ಒದೆಯುತ್ತದೆ. ಡಯೋಡ್ ಅದನ್ನು ಹಿಂದಕ್ಕೆ ಬಿಡುವುದಿಲ್ಲ, ಕೆಪಾಸಿಟರ್ ಹಿಡಿದಿಡುತ್ತದೆ. ಇದನ್ನು ಮೊದಲು ಓದಿದ ದಿನ ನನಗಾದ ಖುಷಿ ನಿನಗೂ ಆಗಲಿ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಡಬ್ಬಿಗೆ ಪ್ಲಾಸ್ಟಿಕ್ಕಿನ ಸೋಪ್ ಡಬ್ಬಿ ಸಾಕು. ತಗಡಿನದು ಬೇಡ, ತಂತಿ ತಾಗಿದರೆ ಶಾರ್ಟ್ ಆಗುತ್ತದೆ. ಈ ಸೆಲ್ಲುಗಳು ಶಾರ್ಟ್ ಆದರೆ ತಂತಿ ಕೈ ಸುಡುವಷ್ಟು ಕಾಯುತ್ತದೆ. ಅದಕ್ಕೇ ಪ್ಲಸ್ ತಂತಿಗೆ ಒಂದು 1.5 ಆಂಪಿನ ಫ್ಯೂಸ್ ಹಾಕು. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಲೇಬೇಡ, ಹೋಲ್ಡರ್ ಇಟ್ಟಿದ್ದೇನೆ. ಬೆಸುಗೆ ಹೊಳೆಯಬೇಕು, ತಂತಿಯ ಸುತ್ತ ಇಳಿಜಾರಾಗಿ ಕೂರಬೇಕು. ಉಂಡೆಯಾಗಿ ನಿಂತಿದ್ದರೆ ಅದು ಹಿಡಿದಿಲ್ಲ ಅಂತಲೇ ಅರ್ಥ, ಮತ್ತೆ ಕಾಯಿಸು.

ಮುಗಿದ ತಕ್ಷಣ ಡಿಎಸ್ ಚುಚ್ಚಬೇಡ ಮಾರಾಯ. ಮೊದಲು ಮಲ್ಟಿಮೀಟರ್ ಹಿಡಿದು ಪ್ಲಸ್, ಮೈನಸ್ ಸರಿ ಇದೆಯಾ ನೋಡು. ಆಮೇಲೆ ಡಿಎಸ್ ಬದಲು 10 ಓಮಿನ, 5 ವ್ಯಾಟಿನ ರೆಸಿಸ್ಟರ್ ಹಾಕಿ ವೋಲ್ಟ್ ನೋಡು. ಅರ್ಧ ಆಂಪ್ ಎಳೆಯುತ್ತದೆ, ಹೆಚ್ಚುಕಡಿಮೆ ಡಿಎಸ್ ಎಳೆಯುವಷ್ಟೇ. ಅದು ಬಿಸಿಯಾಗುತ್ತದೆ, ಬೆರಳಿಡಬೇಡ. ಡಿಎಸ್ ಚಾರ್ಜ್ ಆಗುವಾಗ ಕಿತ್ತಳೆ ದೀಪ ಹತ್ತುತ್ತದೆ, ತುಂಬಿದ ಮೇಲೆ ಆರುತ್ತದೆ. ಆರಿದ ಕೂಡಲೇ ಕೇಬಲ್ ತೆಗೆ. ತುಂಬುವ ಮೊದಲೇ ಸೆಲ್ಲುಗಳು ಒಟ್ಟು 3 ವೋಲ್ಟಿಗೆ ಇಳಿದಿದ್ದರೆ ಅಲ್ಲಿಗೇ ನಿಲ್ಲಿಸು. ಇನ್ನೂ ಎಳೆದರೆ ಮೂರರಲ್ಲಿ ಸೋತ ಸೆಲ್ ಉಲ್ಟಾ ಚಾರ್ಜ್ ಆಗಿ ಕೆಟ್ಟೇ ಹೋಗುತ್ತದೆ.

ಹಳೇ ಲ್ಯಾಪ್‌ಟಾಪ್ ಬಿಚ್ಚಿ ಲಿಥಿಯಂ ಸೆಲ್ ಹಾಕೋಣ ಅಂತ ಯಾರಾದರೂ ಹೇಳಿಕೊಟ್ಟಾರು. ಬೇಡ. ರಕ್ಷಣೆಯ ಸರ್ಕ್ಯೂಟ್ ಇಲ್ಲದ ಬಿಡಿ ಲಿಥಿಯಂ ಸೆಲ್ ಬೆಂಕಿ ಹಿಡಿದರೆ ಆರಿಸುವುದು ಕಷ್ಟ. ನಮ್ಮದು ಅಟ್ಟದ ತುಂಬ ಅಡಿಕೆ ಇರುವ ಮರದ ಮನೆ. ಈ ಮಾತನ್ನು ಅಕ್ಕನ ಮೇಲಿನ ಪ್ರೀತಿಗಾದರೂ ಕೇಳು.

ತೇವದ ಬಗ್ಗೆ ಹೇಳುವುದೇ ಬೇಡ, ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಬರುವ ಊರು. ಔಷಧಿ ಬಾಟಲಿಯಲ್ಲಿ ಬರುವ ಸಿಲಿಕಾ ಜೆಲ್ ಚೀಟಿ ಎರಡನ್ನು ಡಬ್ಬಿಯಲ್ಲಿಡು. ಹೋಲ್ಡರಿನ ಸ್ಪ್ರಿಂಗ್ ಹಸಿರುಗಟ್ಟಿದ್ದರೆ ಉಜ್ಜಿ ತೆಗೆ.

ರೆಸಿಸ್ಟರ್ ಹಾಕಿದಾಗ ಮೀಟರ್ ಎಷ್ಟು ತೋರಿಸಿತು ಅಂತ ನನಗೆ ಹೇಳು. 4.75 ವೋಲ್ಟಿಗಿಂತ ಕೆಳಗೆ ಬಂದರೆ ಬೇರೆ ಬೋರ್ಡ್ ಕಳಿಸುತ್ತೇನೆ, ಅಲ್ಲಿಯವರೆಗೆ ಕಾಯಿ.

ಇಂತಿ ನಿನ್ನ ಪ್ರೀತಿಯ
ಅಕ್ಕ